ಚೌಕಿ ದಾಟಿ ನಿಂತ ಬಸ್ಸು

ಮೊನ್ನೆ ಪಕ್ಕದ ಮನೆಯ ಹುಡುಗ ತನ್ನ ಸ್ಕೂಟರನ್ನು ನಮ್ಮ ಜಗಲಿಯ ಹತ್ತಿರ ನಿಲ್ಲಿಸಿ ಹೋದ. ಎಲ್ಲಿಂದಲೋ ಪೆಟ್ರೋಲು ಸೋರಿ, ಆಗಷ್ಟೇ ನೀರು ಚಿಮುಕಿಸಿದ್ದ ಅಂಗಳದ ಮಣ್ಣಿಗೆ ಬಿದ್ದು, ವಾಸನೆ ನಡುಮನೆಯವರೆಗೂ ಬಂತು. ಅತ್ತಿಗೆ ಮೂಗಿಗೆ ಸೆರಗು ಹಿಡಿದು ಒಳಗೆ ಹೋದರು. ನಾನು ಅಕ್ಕಿ ಆರಿಸುತ್ತಿದ್ದವಳು ಮೊರ ಪಕ್ಕಕ್ಕಿಟ್ಟು ಸುಮ್ಮನೆ ಕೂತುಬಿಟ್ಟೆ. ಒದ್ದೆ ಮಣ್ಣು, ಅದರ ಮೇಲೆ ಪೆಟ್ರೋಲು... ನನ್ನ ಮಟ್ಟಿಗೆ ಅದು ಸೋಮವಾರದ ಬೆಳಗಿನ ವಾಸನೆ. ಎಷ್ಟೋ ವರ್ಷಗಳ ಹಿಂದಿನ ಸೋಮವಾರಗಳದು.

ಆಗ ನಾನು ಮಳವಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಸೇರಿದ ಹೊಸತು. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡವಳು. ಅಣ್ಣ ಯಾರ ಮಾತಿಗೂ ಸೊಪ್ಪು ಹಾಕದೆ ನನ್ನನ್ನು ಓದಿಸಿ, ಕೆಲಸಕ್ಕೂ ಕಳಿಸಿದ್ದ. ವಾರವೆಲ್ಲ ಮಳವಳ್ಳಿಯಲ್ಲಿ ದೂರದ ನೆಂಟರ ಮನೆಯ ಹಿಂದಿನ ಕೋಣೆಯಲ್ಲಿರುತ್ತಿದ್ದೆ. ಶನಿವಾರ ಮಧ್ಯಾಹ್ನ ಮಂಡ್ಯಕ್ಕೆ, ಗುತ್ತಲಿನಲ್ಲಿದ್ದ ಅಣ್ಣನ ಮನೆಗೆ ಬರುತ್ತಿದ್ದೆ. ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ವಾಪಸು. ಮಂಡ್ಯಕ್ಕೆ ನಾಲೆಯ ನೀರು ಬಂದು, ಕಬ್ಬು ಬಂದು, ಊರು ಕಣ್ಣೆದುರೇ ಬೆಳೆಯುತ್ತಿದ್ದ ಕಾಲ ಅದು. ಮದ್ದೂರು, ಮಳವಳ್ಳಿ ಕಡೆಗೆ ಮೋಟಾರು ಬಸ್ಸು ಓಡಾಡತೊಡಗಿ ಬಹಳ ದಿನವಾಗಿರಲಿಲ್ಲ. ಮೇಲೆ ಕ್ಯಾನ್ವಾಸಿನ ಹೊದಿಕೆ, ಒಳಗೆ ಮರದ ಬೆಂಚುಗಳು. ನೀರು ಚಿಮುಕಿಸಿದ ನೆಲದ ಮೇಲೆ ನಿಲ್ಲಿಸಿಕೊಂಡು ಡಬ್ಬಿಯಿಂದ ಪೆಟ್ರೋಲು ಹಾಕುವಾಗ ಒಂದಷ್ಟು ಕೆಳಗೆ ಚೆಲ್ಲುತ್ತಿತ್ತು. ಮುಂದೆ ನಿಂತು ಕಂಡಕ್ಟರು ಹ್ಯಾಂಡಲು ತಿರುವಿ ತಿರುವಿ ಬೆವೆತ ಮೇಲೆ ಎಂಜಿನ್ನು ಗುಡುಗುತ್ತಿತ್ತು. ಡ್ರೈವರಿನ ಬೆನ್ನ ಹಿಂದಿನ ಬೆಂಚು ಹೆಂಗಸರದು.

ಮೊದಲ ಸೋಮವಾರವೇ ಆ ಬೆಂಚಿನಲ್ಲಿ ಕೂರುವುದು ಕಷ್ಟವಾಯಿತು. ಕೋರ್ಟಿಗೆ ಹೊರಟಿದ್ದ ಸಾಹುಕಾರರೊಬ್ಬರು ನನ್ನ ಬೋಳು ಹಣೆ ನೋಡಿ ಮುಖ ತಿರುಗಿಸಿ, "ಬೆಳಗಾಗೆದ್ದು ಇದೇನಪ್ಪ ಗ್ರಹಚಾರ. ಹಿಂದಕ್ಕೆ ಕೂರಿಸು ಇವರನ್ನ" ಎಂದು ಕಂಡಕ್ಟರಿಗೆ ಹೇಳಿದರು. ನಾನು ಗಂಟು ಎತ್ತಿಕೊಂಡು ಏಳುವುದರಲ್ಲಿದ್ದೆ. ಸ್ಟಿಯರಿಂಗಿನ ಹಿಂದೆ ಕೂತಿದ್ದವರು ತಿರುಗದೆಯೇ ಮಾತಾಡಿದರು.

"ಗಾಡಿ ಓಡ್ಸೋನು ನಾನು ಸಾವ್ಕಾರ್ರೆ. ನಂಗೇನೂ ಅಪಸಕುನ ಆಗ್ಲಿಲ್ಲ. ಅಮ್ಮಾವ್ರೆ, ನೀವು ಅಲ್ಲೇ ಕೂತ್ಕಳಿ."

ಅಷ್ಟೇ. ಅದನ್ನು ದೊಡ್ಡ ಉಪಕಾರ ಎನ್ನುವಂತೆ ಹೇಳಲಿಲ್ಲ. ಬಾಗಿಲು ಸರಿಯಾಗಿ ಹಾಕಿ ಎನ್ನುವ ಹಾಗೆ ಹೇಳಿದರು. ಅಂದಿನಿಂದ ನಾನು ಅವರನ್ನು ಡ್ರೈವರಣ್ಣ ಎಂದು ಕರೆಯತೊಡಗಿದೆ. ಮೂವತ್ತರ ಆಸುಪಾಸಿನ ವಯಸ್ಸು, ಕಡ್ಡಿಯಂಥ ಮೈ, ತೊಳೆದು ತೊಳೆದು ಬೆಳ್ಳಗಾಗಿದ್ದ ಖಾಕಿ ಕೋಟು, ತಲೆಗೊಂದು ಟೋಪಿ. ಮಾತು ಕಡಿಮೆ. ನಾಲೆಯ ಕೆಲಸ ನಡೆಯುವಾಗ ಅಲ್ಲಿನ ಲಾರಿಗಳನ್ನು ತೊಳೆಯುತ್ತ, ತೊಳೆಯುತ್ತಲೇ ಓಡಿಸುವುದನ್ನು ಕಲಿತವರಂತೆ. ಊರು ಬಸರಾಳಿನ ಕಡೆ ಎಂದಷ್ಟೇ ಹೇಳುತ್ತಿದ್ದರು. ಮದ್ದೂರಿನಲ್ಲಿ ಬಸ್ಸು ನಿಂತಾಗ ಎಲ್ಲರೂ ಹೋಟಲಿಗೆ ನುಗ್ಗಿದರೆ, ಇವರು ಬುತ್ತಿ ಬಿಚ್ಚಿಕೊಂಡು ಬಸ್ಸಿನ ನೆರಳಲ್ಲೇ ಕೂತು ಉಣ್ಣುತ್ತಿದ್ದರು. ಗಾಡಿ ಬಿಟ್ಟು ಹೋಗಲು ಮನಸ್ಸಿಲ್ಲವೇನೋ ಅಂದುಕೊಂಡಿದ್ದೆ.

ಮದ್ದೂರು ಬಿಟ್ಟು ಮಳವಳ್ಳಿಯ ದಾರಿ ಹಿಡಿದ ಮೇಲೆ ಒಂದು ಪೊಲೀಸ್ ಚೌಕಿ ಸಿಗುತ್ತಿತ್ತು. ಒಂದು ಹೆಂಚಿನ ಕೋಣೆ, ಮುಂದೊಂದು ಜಗಲಿ, ರಸ್ತೆಗೆ ಅಡ್ಡ ಒಂದು ಬಿದಿರ ಗಳು. ಎಲ್ಲ ಬಸ್ಸೂ ಅಲ್ಲಿ ನಿಲ್ಲಬೇಕು. ಅಲ್ಲಿದ್ದ ದಫೇದಾರರು ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು ಒಳಗೆ ಇಣುಕುತ್ತಿದ್ದರು. ಅವರ ಕಣ್ಣು ಸಾಹುಕಾರರನ್ನು ದಾಟಿ, ಗೌಡರುಗಳನ್ನು ದಾಟಿ, ನನ್ನನ್ನೂ ದಾಟಿ ಕೊನೆಯ ಬೆಂಚಿಗೋ ಅದರಾಚೆ ನೆಲದ ಮೇಲೆ ಕೂತವರಿಗೋ ಹೋಗಿ ನಿಲ್ಲುತ್ತಿತ್ತು. ಕೊರಳಲ್ಲಿ ಮಣಿಸರದ ಸಾಲು, ಮಡಿಲಲ್ಲಿ ಬುಟ್ಟಿಯ ಕಟ್ಟು ಕಂಡರೆ ಸಾಕು.

"ಕೊರಮರಾ? ಇಳೀರಿ ಕೆಳಗೆ."

ಕೆಲವು ಜಾತಿಯವರು ಹುಟ್ಟಾ ಕಳ್ಳರು ಎಂದು ಆಗ ಸರ್ಕಾರದ ಕಾನೂನೇ ಹೇಳುತ್ತಿತ್ತು. ಬುಟ್ಟಿ ಹೆಣೆದು ಬದುಕುತ್ತಿದ್ದ ಆ ಜನ ರಾತ್ರಿಯಾದರೆ ಪಟೇಲರ ಮುಂದೆ ಹಾಜರಿ ಕೊಡಬೇಕು. ಊರು ಬಿಟ್ಟು ಊರಿಗೆ ಹೋಗಬೇಕಾದರೆ ಅಪ್ಪಣೆ ಕೇಳಬೇಕು. ಅಪ್ಪಣೆ ಇದ್ದರೂ ಚೌಕಿಯಲ್ಲಿ ಏನಾಗುತ್ತದೆ ಎನ್ನುವುದು ದಫೇದಾರರ ಮನಸ್ಸಿಗೆ ಬಿಟ್ಟದ್ದು. ಒಂದು ದಿನ ಗಂಟು ಬಿಚ್ಚಿಸಿ ನೋಡಿ ಹತ್ತಿಸಿಬಿಡುವರು. ಇನ್ನೊಂದು ದಿನ ಜಗಲಿಯ ಕೆಳಗೆ ಕೂರಿಸಿಕೊಂಡು, "ರೈಟ್, ನಡಿ" ಎಂದು ನಮ್ಮ ಬಸ್ಸನ್ನು ಕಳಿಸುವರು. ಹಿಂದೆ ಉಳಿದವರು ಸಂಜೆ ಬಿಡುಗಡೆಯಾದರೋ, ಮಾರನೆಯ ದಿನವೋ... ನಮಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಸ್ಸಿನೊಳಗೆ ಯಾರೂ ಆ ಮಾತೆತ್ತುತ್ತಿರಲಿಲ್ಲ. ರಸ್ತೆಯ ಹಳ್ಳಕೊಳ್ಳದ ಹಾಗೆ ಅದೂ ಪ್ರಯಾಣದ ಒಂದು ಭಾಗವಾಗಿತ್ತು.

ದಫೇದಾರರಿಗೂ ಡ್ರೈವರಣ್ಣನಿಗೂ ಒಳ್ಳೆಯ ಸಲಿಗೆ ಎಂದೇ ಎಲ್ಲರೂ ತಿಳಿದಿದ್ದರು. ದಫೇದಾರರು ಡ್ರೈವರಿನ ಬಾಗಿಲಿಗೆ ಮೊಳಕೈ ಊರಿ ಬೀಡಿ ಹಚ್ಚಿಕೊಳ್ಳುವರು, ಇವರಿಗೂ ಒಂದು ಕೊಡುವರು. "ನಂಗೆ ಕಾಗದ ಪತ್ರ ಏನೂ ಬೇಕಿಲ್ಲ ಕಣಯ್ಯ. ಮುಖ ನೋಡಿದ್ರೆ ಸಾಕು, ಕಳ್ಳಜಾತಿ ಯಾವುದು ಅಂತ ಹೇಳಿಬಿಡ್ತೀನಿ" ಎಂದು ಒಮ್ಮೆ ಹೆಮ್ಮೆಯಿಂದ ಹೇಳಿದ್ದು ನನ್ನ ಕಿವಿಗೇ ಬಿದ್ದಿತ್ತು. ಡ್ರೈವರಣ್ಣ ರಸ್ತೆಯನ್ನೇ ನೋಡುತ್ತ "ಊಂ" ಎಂದಿದ್ದರು. ಆ ಬೀಡಿಯನ್ನು ಅವರು ಸೇದಿದ್ದನ್ನು ನಾನು ಕಾಣೆ. ಕಿವಿಯ ಮೇಲೆ ಸಿಕ್ಕಿಸಿಕೊಂಡು, ಮುಂದಿನ ತಿರುವಿನಲ್ಲಿ ಹೊರಕ್ಕೆ ಎಸೆಯುತ್ತಿದ್ದರು.

ಆ ಸೋಮವಾರ ಮದ್ದೂರಿನಲ್ಲಿ ಒಬ್ಬ ಮುದುಕಿ ಹತ್ತಿದಳು. ಬುಟ್ಟಿ ಹೆಣೆಯುವವರ ಹೆಂಗಸು ಎಂದು ನೋಡಿದೊಡನೆ ತಿಳಿಯುತ್ತಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟವಳು ಡ್ರೈವರಣ್ಣನನ್ನು ಕಂಡು ಒಂದು ಗಳಿಗೆ ಹಾಗೇ ನಿಂತಳು. ಅಂದು ಸರದಿಯಂತೆ ಬೇರೆ ಡ್ರೈವರು ಬರಬೇಕಿತ್ತಂತೆ. ಜ್ವರ ಬಂದು ಮಲಗಿದ್ದರಿಂದ ಇವರೇ ಎರಡು ದಿನದ ಕೆಲಸ ಹೊತ್ತಿದ್ದರು. ಮುದುಕಿ ಇಳಿದುಬಿಡುತ್ತಾಳೇನೋ ಅನ್ನಿಸಿತು. ಇಳಿಯಲಿಲ್ಲ. ತಲೆ ತಗ್ಗಿಸಿಕೊಂಡು ಹಿಂದಕ್ಕೆ ಹೋಗಿ ನೆಲದ ಮೇಲೆ ಕೂತಳು. ಡ್ರೈವರಣ್ಣ ಎಂದೂ ಇಲ್ಲದ ಹಾಗೆ ಅಂದು ಗೇರು ಹಾಕುವಾಗ ತಡವರಿಸಿದರು.

ಚೌಕಿ ಬಂತು. ದಫೇದಾರರು ಇಣುಕಿದರು. ಮುದುಕಿ ಕರೆಸಿಕೊಳ್ಳುವ ಮೊದಲೇ ಇಳಿದು, ಗಂಟು ಬಿಚ್ಚಿ ನೆಲದ ಮೇಲಿಟ್ಟಳು. ಒಂದು ಹಳೆಯ ಸೀರೆ, ಎಲೆಯಲ್ಲಿ ಕಟ್ಟಿದ ಎರಡು ಮುದ್ದೆ, ಯಾವುದೋ ಬೇರು, ಬಟ್ಟೆ ಸುತ್ತಿದ ಒಂದು ಕತ್ತಿ.

"ಇದ್ಯಾಕೆ? ಯಾರ ಮನೆ ಬಾಗ್ಲು ಮೀಟೋಕೆ?"

"ಬಿದಿರು ಸೀಳೋ ಕತ್ತಿ ಕಣ್ ಸ್ವಾಮಿ. ಅದಿಲ್ದೆ ನಮ್ ಕಸುಬು ಎಂಗಾಯ್ತದೆ? ಮಳವಳ್ಳೀಲಿ ಮಗ್ಳು ಎರಿಗೆ ನೋವು ತಿಂತಾವ್ಳೆ. ನೆನ್ನೆಯಿಂದ ಕೂಸು ಈಚಿಗೆ ಬಂದಿಲ್ವಂತೆ. ಬುಟ್ಬುಡಿ ಸ್ವಾಮಿ, ಓಗ್ಬೇಕು."

ನನ್ನ ಹಿಂದಿನ ಬೆಂಚಿನಲ್ಲಿ ಕೂತಿದ್ದ ಗೌಡರೊಬ್ಬರ ಕಾಲ ಬುಡದಲ್ಲಿ ಹೊಸದಾಗಿ ಸಾಣೆ ಹಿಡಿಸಿದ ಮಚ್ಚು ಇತ್ತು, ಕುಡುಗೋಲೂ ಇತ್ತು. ಅದನ್ನು ಯಾರೂ ಕೇಳಲಿಲ್ಲ. ದಫೇದಾರರು ಮುದುಕಿಗೆ ಜಗಲಿಯ ಕಡೆ ಬೆರಳು ತೋರಿಸಿದರು.

"ಮೊನ್ನೆ ಪಕ್ಕದ ಹಳ್ಳೀಲಿ ಕನ್ನ ಬಿದ್ದಿದೆ. ಇನ್ಸ್‌ಪೆಕ್ಟರು ಬರೋ ತನಕ ಅಲ್ಲಿ ಕೂತಿರು."

"ಅವ್ರು ಯಾವಾಗ ಬತ್ತಾರೆ ಸ್ವಾಮಿ?"

"ಬಂದಾಗ ಬರ್ತಾರೆ. ರೈಟ್, ನಡೀರಿ."

ಮುದುಕಿ ಬಸ್ಸಿನ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಅದು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬೇರೆ ಯಾರಾದರೂ ಆಗಿದ್ದರೆ ಯಾರಾದರೂ ಒಂದು ಮಾತು ಆಡಿಯಾರೇ ಎಂದು ನಮ್ಮ ಮುಖಗಳನ್ನು ಹುಡುಕುತ್ತಿದ್ದರು. ಇವಳು ಬೇಕೆಂದೇ ನಮಗೆ ಬೆನ್ನು ಹಾಕಿ ಕೂತಳು. ಗಳು ಮೇಲೆದ್ದಿತು. ಬಸ್ಸು ಹೊರಟಿತು. ನಾಲ್ಕು ಮಾರು ಹೋಗಿರಬೇಕು, ನಿಂತುಬಿಟ್ಟಿತು. ಎಂಜಿನ್ನು ಆರಿತು. ಅಷ್ಟು ಹೊತ್ತು ಗದ್ದಲದಲ್ಲಿ ಕೂತಿದ್ದ ನಮಗೆಲ್ಲ ಕಿವಿ ಗವ್ವೆಂದಿತು.

ಡ್ರೈವರಣ್ಣ ಇಳಿದು ಹಿಂದಕ್ಕೆ ನಡೆದರು. ಏನೋ ಕೆಟ್ಟಿರಬೇಕೆಂದು ಕೆಲವರು ಕೆಳಗಿಳಿದರು. ನಾನೂ ಇಳಿದೆ. ಅವರು ನೇರ ಹೋಗಿ ಮುದುಕಿಯ ಪಕ್ಕ ನಿಂತು ಟೋಪಿ ತೆಗೆದರು.

"ಯಾಕಪ್ಪ, ಏನಾಯ್ತು ಗಾಡಿಗೆ?" ದಫೇದಾರರು ಕೇಳಿದರು.

"ಗಾಡಿಗೇನೂ ಆಗಿಲ್ಲ ಸ್ವಾಮಿ. ಇವ್ಳು ನಮ್ಮವ್ವ."

ದಫೇದಾರರು ನಕ್ಕರು. ತಮಾಷೆ ಎಂದುಕೊಂಡಿರಬೇಕು.

"ನನ್ನ ಎತ್ತವ್ಳು. ಇವ್ಳದು ಯಾವ ಜಾತಿಯೋ ನಂದೂ ಅದೇಯ. ಇವ್ಳನ್ನ ಇಳಿಸ್ದಂಗೆ ನನ್ನೂ ಇಳಿಸ್ಬೇಕಾಗಿತ್ತು ನೀವು. ಮೂರು ವರ್ಸದಿಂದ ದಿನಾ ನನ್ ಮಖ ನೋಡ್ತಿದ್ರಲ್ಲಾ."

ನಗು ನಿಂತಿತು. ಆಗ ಮುದುಕಿ ದಡಬಡಿಸಿ ಎದ್ದು, ಮಗನಿಗೂ ದಫೇದಾರರಿಗೂ ನಡುವೆ ನಿಂತಳು.

"ಸುಳ್ಳು ಸ್ವಾಮಿ. ಇವ್ನು ನನ್ ಮಗ ಅಲ್ಲ. ಯಾರೋ ಏನೋ, ನಾ ಕಾಣೆ. ಪಾಪ, ಮುದ್ಕಿ ಅಂತ ಕನಿಕರ ಪಟ್ಟು ಅಂಗಂತಾನೆ. ಇವ್ನ ಮಾತ ಕೇಳ್ಬೇಡಿ. ಓಗಪ್ಪ, ನಿನ್ ಗಾಡಿ ಅತ್ತು, ಓಗು..." ಎರಡೂ ಕೈಯಲ್ಲಿ ಅವರ ಎದೆ ಹಿಡಿದು ಹಿಂದಕ್ಕೆ ತಳ್ಳುತ್ತಿದ್ದಳು. ಅವರು ಅಲುಗಲಿಲ್ಲ.

"ಸಾಕು ಬುಡವ್ವ" ಎಂದರು. ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ. "ಇನ್ನ ಸಾಕು ಬುಡು."

ಆಮೇಲೆ ಗಲಾಟೆಯೆದ್ದಿತು. ಕೋರ್ಟಿಗೆ ಹೊತ್ತಾಗುತ್ತದೆಂದು ಸಾಹುಕಾರರು ಕೂಗಾಡಿದರು. ಇಷ್ಟು ದಿನ ಇಂಥವನು ಓಡಿಸಿದ ಬಸ್ಸಿನಲ್ಲಿ ಕೂತೆವಲ್ಲ ಎಂದು ಇನ್ನೊಬ್ಬರು. ಮಚ್ಚಿನ ಗೌಡರು ಮಾತ್ರ, "ಇಷ್ಟ್ ದಿನ ಕೂತಿದ್ದಕ್ಕೆ ನಿಂಗೇನಾಯ್ತಯ್ಯ? ಎಲ್ಲಾರ್ನೂವೆ ನೆಟ್ಟಗೆ ಊರು ಮುಟ್ಸವ್ನೆ ತಾನೆ?" ಎಂದು ಅವರ ಬಾಯಿ ಮುಚ್ಚಿಸಿದರು. ಕಂಡಕ್ಟರಿಗೆ ಬಸ್ಸು ಓಡಿಸಲು ಬಾರದು. ಮೇಲೆ ಸರ್ಕಾರದ ಟಪಾಲು ಚೀಲ ಬೇರೆ ಇತ್ತು. ಅದು ತಡವಾದರೆ ಯಾಕೆಂದು ಕೇಳುವವರಿದ್ದರು. ದಫೇದಾರರ ಮುಖ ಕಪ್ಪಿಟ್ಟಿತ್ತು. ಡ್ರೈವರಣ್ಣ ಒಂದು ಮಾತು ಏರಿಸಲಿಲ್ಲ, ಕೈ ಎತ್ತಲಿಲ್ಲ. ಟೋಪಿ ಹಿಡಿದುಕೊಂಡು ಅವ್ವನ ಪಕ್ಕ ನಿಂತೇ ಇದ್ದರು. ಬಿಸಿಲೇರುತ್ತ ಹೋಯಿತು. ಕೊನೆಗೆ ದಫೇದಾರರು ಕತ್ತಿಯನ್ನು ಕಾಲಿಂದ ಅವರ ಕಡೆ ಸರಿಸಿ, "ಕರ್ಕೊಂಡು ತೊಲಗು. ನಾಳೆಯಿಂದ ಈ ದಾರೀಲಿ ಹೆಂಗೆ ಗಾಡಿ ಓಡಿಸ್ತೀಯೋ ನೋಡ್ತೀನಿ" ಎಂದರು.

ಡ್ರೈವರಣ್ಣ ಅವ್ವನನ್ನು ಮುಂದಿನ ಬೆಂಚಿನ ಹತ್ತಿರ ಕರೆತಂದು, "ಅಮ್ಮಾವ್ರೆ, ವಸಿ ಜಾಗ ಮಾಡ್ತೀರಾ?" ಎಂದು ಕೇಳಿದರು. ನಾನು ಸರಿದೆ. ಅವಳು ತನ್ನ ಸೀರೆ ನನಗೆ ತಾಗದಂತೆ ಮುದುರಿ ಹಿಡಿದು, ಬೆಂಚಿನ ತುದಿಯಲ್ಲಿ ಅರ್ಧ ಮಾತ್ರ ಕೂತಳು. ಸರಿಯಾಗಿ ಕೂತ್ಕೊಳ್ಳಿ ಎಂದೆ. ಕೇಳಿಸಲಿಲ್ಲವೋ ಏನೋ. ಮಳವಳ್ಳಿಯವರೆಗೂ ಸದ್ದಿಲ್ಲದೆ ಅಳುತ್ತಿದ್ದಳು. ಅವಳ ಮೈಯಿಂದ ಹಸಿ ಬಿದಿರಿನ ವಾಸನೆ ಬರುತ್ತಿತ್ತು.

ಮಗಳು ಉಳಿದಳು. ಕೂಸೂ ಉಳಿಯಿತು. ತಾಯಿ ಹೋಗಿ ಕೈ ಹಾಕಿದ ಮೇಲೆಯೇ ಹೆರಿಗೆ ಆಯಿತು ಎಂದು ಆಮೇಲೆ ಕಂಡಕ್ಟರು ಹೇಳಿದ.

ಡ್ರೈವರಣ್ಣನ ಕಷ್ಟ ಮಾರನೆಯ ದಿನದಿಂದಲೇ ಶುರುವಾಯಿತು. ಅದೇ ಚೌಕಿಯಲ್ಲಿ, ಅದೇ ಬಸ್ಸಿಗೆ ದಿನವೂ ಹೊಸ ತಕರಾರು. ದೀಪ ಮಂಕಾಗಿದೆ, ಹಾರನ್ನು ಸರಿಯಿಲ್ಲ, ಚಕ್ರ ಸವೆದಿದೆ, ಜನ ಹೆಚ್ಚಾಗಿದ್ದಾರೆ. ಹಿಂದೆ ಬಂದ ಬೇರೆ ಬಸ್ಸುಗಳು ಅದಕ್ಕಿಂತ ಹೆಚ್ಚು ಜನರನ್ನು ತುಂಬಿಕೊಂಡು ಮುಂದೆ ಹೋಗುತ್ತಿದ್ದವು. ಎಲ್ಲವೂ ಕಾನೂನಿನ ಮಾತೇ. ಯಾರಿಗೆ ಹೇಳುವುದು, ಯಾರನ್ನು ಬಿಡುವುದು ಎನ್ನುವುದು ಮಾತ್ರ ದಫೇದಾರರ ಕೈಯಲ್ಲಿತ್ತು. ಬಸ್ಸಿನ ಯಜಮಾನರು ಕೆಟ್ಟವರಲ್ಲ. ಕೆಲವು ದಿನ ತಡೆದುಕೊಂಡರು. ಜನ ಬೇರೆ ಬಸ್ಸಿಗೆ ಹೋಗತೊಡಗಿದ ಮೇಲೆ, ನಾನೇನು ಮಾಡಲಪ್ಪ ಎಂದು ಕೈಚೆಲ್ಲಿ ಕೆಲಸ ಬಿಡಿಸಿದರು.

ಅಷ್ಟು ಸಾಲದೆಂಬಂತೆ, ಡ್ರೈವರು ತಮ್ಮ ಮೇಲೆ ಕೈ ಮಾಡಿದ ಎಂದು ದಫೇದಾರರು ಮೇಲಕ್ಕೆ ವರದಿ ಮಾಡಿದರು. ವಿಚಾರಣೆಗೆ ಬಂದ ಇನ್ಸ್‌ಪೆಕ್ಟರು ಬಸ್ಸಿನಲ್ಲಿದ್ದವರನ್ನು ಕರೆಸಿದರು. ಸಾಹುಕಾರರು ತಾವೇನೂ ನೋಡಲಿಲ್ಲ ಎಂದುಬಿಟ್ಟರು. ನನಗೂ ಕರೆ ಬಂತು. ಗಂಡನಿಲ್ಲದ ಹೆಂಗಸು ಠಾಣೆಯ ಮೆಟ್ಟಿಲು ಹತ್ತುವುದೆಂದರೇನು ಎಂದು ನೆಂಟರ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಅಣ್ಣನಿಗೆ ಹೇಳಿಕಳಿಸಿದೆ. ಅವನು ಬಂದು, "ನೀನು ಕಂಡದ್ದನ್ನ ಹೇಳು. ನಾನು ಹೊರಗೆ ನಿಂತಿರ್ತೀನಿ" ಎಂದ. ಹೋದೆ. ಅವರು ಕೈ ಎತ್ತಲಿಲ್ಲ, ಎರಡೂ ಕೈಯಲ್ಲಿ ಟೋಪಿ ಹಿಡಿದಿದ್ದರು ಎಂದೆ. ಗೌಡರೂ ಅದನ್ನೇ ಹೇಳಿದರಂತೆ. ಮೊಕದ್ದಮೆ ಬಿದ್ದುಹೋಯಿತು. ಆದರೆ ಲೈಸೆನ್ಸನ್ನು ತಿಂಗಳುಗಟ್ಟಲೆ ಠಾಣೆಯಲ್ಲೇ ಇಟ್ಟುಕೊಂಡರು. ದಫೇದಾರರು ಅದೇ ಚೌಕಿಯಲ್ಲಿ ಉಳಿದರು. ಯಾವ ಮನೆಯ ಕನ್ನದ ಹೆಸರಲ್ಲಿ ಆ ಮುದುಕಿಯನ್ನು ಕೂರಿಸಿದ್ದರೋ ಅದರ ಕಳ್ಳ ಆ ಮನೆಯ ಅಳಿಯನೇ ಎಂದು ಆಮೇಲೆ ತಿಳಿಯಿತು. ಇನ್ನು ಡ್ರೈವರಣ್ಣ... ಯಾರ ಮಗ ಎಂದು ಗೊತ್ತಾದ ಮೇಲೆ ಅವರೂ ರಾತ್ರಿ ಪಟೇಲರ ಮನೆಯ ಮುಂದೆ ಹಾಜರಿ ಕೊಡಬೇಕಾಯಿತು.

ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನಾಚೆ ನಿಂತಿದ್ದರು. ಖಾಕಿ ಕೋಟಿಲ್ಲದೆ, ಪಂಚೆಯಲ್ಲಿ ಬೇರೆಯೇ ಮನುಷ್ಯನಂತೆ ಕಂಡರು. ಬ್ಲಫು ಎನ್ನುವ ಊರಿನಲ್ಲಿ, ಕರೆಂಟು ತಯಾರಾಗುವ ಕಡೆ ಲಾರಿ ಓಡಿಸುವ ಕೆಲಸ ಸಿಕ್ಕಿದೆ, ಅಲ್ಲಿನ ಸಾಹೇಬರೇ ಪೊಲೀಸಿನವರಿಗೆ ಹೇಳಿ ಲೈಸೆನ್ಸು ಬಿಡಿಸಿಕೊಟ್ಟರು ಎಂದರು. ನನಗೆ ಸಂತೋಷವಾಯಿತು. ಅವ್ವ ಹೇಗಿದ್ದಾರೆ ಎಂದು ಕೇಳಿದೆ.

"ನನ್ ಕೂಡೆ ಮಾತು ಬುಟ್ಟವ್ಳೆ ಅಮ್ಮಾವ್ರೆ. ಅಷ್ಟು ಕಷ್ಟ ಬಿದ್ದು ಮನ್ಸ ಆಗಿದ್ದೆ, ಒಂದ್ ಗಳಿಗೇಲಿ ಎಲ್ಲಾ ಕಳ್ಕಂಡೆ ಅಂತಾಳೆ."

"ಸಿಟ್ಟು ಇಳಿಯುತ್ತೆ ಬಿಡಿ ಡ್ರೈವರಣ್ಣ. ನೀವು ಮಾಡಿದ್ದು ಸರಿ."

ಮಕ್ಕಳು ನಮ್ಮ ಪಕ್ಕದಲ್ಲೇ ಓಡಿಹೋಗುತ್ತಿದ್ದವು.

"ಸರಿ ಅಂತ ನೀವಂತೀರಿ. ಇಳಿದು ಬಂದದ್ದು ಸರಿಯೇ ಇರ್ಬೋದು. ಆದ್ರೆ ಅದಕ್ಕೂ ಮುಂಚೆ ಗಾಡಿ ನಾಲ್ಕು ಮಾರು ಮುಂದಕ್ಕೆ ಓಗಿತ್ತಲ್ಲಾ ಅಮ್ಮಾವ್ರೆ. ಅದ್ನ ನಾನೇ ತಾನೆ ಓಡ್ಸಿದ್ದು? ರಾತ್ರಿ ಮನಗಿದ್ರೆ ಅದೇ ಬತ್ತದೆ."

ಅವರು ಕೈ ಮುಗಿದು ಹೋದರು. ಅದೇ ಕೊನೆ. ಮುಂದಿನ ವರ್ಷ ನನಗೆ ಮಂಡ್ಯಕ್ಕೇ ವರ್ಗವಾಯಿತು. ಆ ದಾರಿಯಲ್ಲಿ ಓಡಾಡುವ ಕೆಲಸ ಬೀಳಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂತು, ಆ ಕಾನೂನನ್ನು ತೆಗೆದರು ಎಂದು ಪತ್ರಿಕೆಯಲ್ಲಿ ಓದಿದೆ. ಅವರೂ ಓದಿರಬಹುದು, ಯಾರಾದರೂ ಓದಿ ಹೇಳಿರಬಹುದು ಎಂದುಕೊಂಡೆ...

ಸ್ಕೂಟರಿನ ಪೆಟ್ರೋಲು ಸೋರಿದ ಆ ದಿನದಿಂದ ಮನಸ್ಸು ತಡೆಯಲಿಲ್ಲ. ತೀರಿಹೋದ ಅಣ್ಣನ ಮಗ ಈಗ ಬ್ಲಫಿನಲ್ಲೇ ಕೆಲಸದಲ್ಲಿದ್ದಾನೆ. ಹೀಗೆ ಒಬ್ಬರಿದ್ದರು, ಹಳಬರನ್ನು ವಿಚಾರಿಸಿ ನೋಡು ಎಂದು ಹೇಳಿಕಳಿಸಿದೆ. ಕಳೆದ ಭಾನುವಾರ ಬಂದ. ಕಾಲು ತೊಳೆದುಕೊಂಡು ಬಂದು ನನ್ನ ಹತ್ತಿರ ಕೂತು, "ಅವರು ಹೋದ ವರ್ಷವೇ ತೀರಿಕೊಂಡರಂತೆ ಅತ್ತೆ" ಎಂದ. ಅಲ್ಲೇ ಮನೆ ಮಾಡಿಕೊಂಡಿದ್ದರಂತೆ. ಅವರ ತಾಯಿ ಬಹಳ ವರ್ಷ ಬದುಕಿದ್ದು, ಕೊನೆಯವರೆಗೂ ಮಗನ ಹತ್ತಿರವೇ ಇದ್ದರಂತೆ.

ವರ್ಷ ಕಳೆದ ಮೇಲೆ ಸಾವಿನ ಸುದ್ದಿ ಬಂದರೆ ಒಂದು ಸ್ನಾನ ಮಾಡಿದರೆ ಸಾಕು ಎನ್ನುತ್ತಾರೆ. ಅದೂ ರಕ್ತಸಂಬಂಧಿಗಳಿಗೆ. ನಾನು ಎದ್ದು ಹಿತ್ತಲಿಗೆ ಹೋಗಿ, ಬಾವಿಯಿಂದ ಸೇದಿಟ್ಟಿದ್ದ ತಣ್ಣೀರನ್ನು ಉಟ್ಟ ಸೀರೆಯಲ್ಲೇ ತಲೆಗೆ ಸುರಿದುಕೊಂಡೆ. ಸದ್ದು ಕೇಳಿ ಅತ್ತಿಗೆ ಗಾಬರಿಯಿಂದ ಬಂದರು.

"ಯಾರು ಹೋದ್ರು? ಯಾವ ಕಡೆಯವರು?"

"ಅಣ್ಣ" ಎಂದೆ.

ಅತ್ತಿಗೆ ನನ್ನ ಮುಖವನ್ನೇ ನೋಡಿದರು. ಒಳಗೆ ಹೋಗಿ ಒಂದು ಒಣಗಿದ ಸೀರೆ ತಂದು, ನನ್ನ ಮೈಮೇಲಿನ ನೀರು ಪೂರ್ತಿ ಇಳಿಯುವವರೆಗೂ ಬಾಗಿಲಲ್ಲಿ ಅದನ್ನು ಹಿಡಿದುಕೊಂಡು ನಿಂತಿದ್ದರು.